ನೀನು ಯಾರ ಪೈಕಿ? ಸತ್ಯವೇದವನ್ನು ಆರು ವಾರ ಓದುವ ಕ್ರಮ

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. "ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿದ್ದೇನೆ, ಆದರೂ ದೇವರ ಮುಂದೆ ನಾನು ಯಾರು ಅನ್ನೋದು ತಿಳಿದಿಲ್ಲ." "ಹಳೆಯ ತಪ್ಪೊಂದು ಬೆನ್ನು ಬಿಡುತ್ತಿಲ್ಲ, ಬೈಬಲ್‌ನಲ್ಲಿ ಎಲ್ಲಿಂದ ಓದಲಿ?" "ನಾನು ಕ್ರೈಸ್ತನಲ್ಲ, ಓದಬಹುದಾ?" ಕೊನೆಯದಕ್ಕೆ ಉತ್ತರ ಸುಲಭ. ಓದಬಹುದು, ಯಾರ ಅಪ್ಪಣೆಯೂ ಬೇಡ. ಮೊದಲೆರಡಕ್ಕೆ ಈ ಕ್ರಮ.

ಶುರುವಿಗೇ ಒಂದು ಮಾತು ಹೇಳಿಬಿಡಬೇಕು. "ನಾನು ಯಾರು" ಎಂದು ಕೇಳಿಕೊಂಡು ಪುಟ ತಿರುವಿದರೆ ಉತ್ತರ ಬೇಗ ಸಿಗುವುದಿಲ್ಲ. ಈ ಗ್ರಂಥ ಅದೇ ಪ್ರಶ್ನೆಯನ್ನು ಊರಿನ ಅಜ್ಜಿಯರ ಧಾಟಿಯಲ್ಲಿ ಕೇಳುತ್ತದೆ: "ನೀನು ಯಾರ ಪೈಕಿ?" ಗುರುತು ಎಂಬುದು ಇಲ್ಲಿ ಸ್ವಭಾವದ ಪಟ್ಟಿಯಲ್ಲ, ಯಾವ ಮನೆಗೆ ಸೇರಿದವರು ಎಂಬ ವಿಚಾರ. ವಿಮೋಚನೆ ಎಂದರೆ ಕೈತಪ್ಪಿ ಹೋದವರನ್ನು ಬೆಲೆ ಕೊಟ್ಟು ಆ ಮನೆಗೆ ವಾಪಸು ತರುವುದು. ಎರಡನ್ನೂ ಬೇರೆ ಬೇರೆ ಅಧ್ಯಯನ ಮಾಡಲು ಹೋದವರು ಎರಡರಲ್ಲೂ ಎಡವುತ್ತಾರೆ.

ಬೇಕಾಗುವ ಸಾಮಾನು

ಎರಡು ಕನ್ನಡ ಅನುವಾದಗಳು ಬೇಕು. ಒಂದು ಹಳೆಯ ಸತ್ಯವೇದ. "ಬರುವದು, ಹೋಗುವದು" ಎಂಬ ಕಾಗುಣಿತದ, "ಯೆಹೋವ" ಎಂದು ಬರೆಯುವ, ಅಜ್ಜ ಅಜ್ಜಿಯರ ಕಾಲದಿಂದ ಮನೆಯಲ್ಲಿರುವ ಪ್ರತಿ. ಇನ್ನೊಂದು ಸರಳ ಕನ್ನಡದ್ದು, "ಸರ್ವೇಶ್ವರ", "ಯೇಸುಸ್ವಾಮಿ" ಎಂದು ಬರೆಯುವುದು. ಫೋನಿನ ಆ್ಯಪ್‌ಗಳಲ್ಲಿ ಇವಕ್ಕೆ ಜೆ.ವಿ. ಮತ್ತು ಸಿ.ಎಲ್. ಎಂಬ ಗುರುತಿರುತ್ತದೆ, ಹಣ ಕೊಡಬೇಕಿಲ್ಲ. ಅಚ್ಚಿನ ಪ್ರತಿ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಪ್ರಕಟಿಸುವ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲೇ ಇದೆ. ಕಥೋಲಿಕರ ಪ್ರತಿಯಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ಈ ಆರು ವಾರದ ಭಾಗಗಳು ಎರಡರಲ್ಲೂ ಇವೆ, ಚಿಂತೆ ಬೇಡ. ಒಬ್ಬರು "ಸುವಾರ್ತೆ" ಅನ್ನುವುದನ್ನೇ ಇನ್ನೊಬ್ಬರು "ಶುಭಸಂದೇಶ" ಅನ್ನುತ್ತಾರೆ, ಅಷ್ಟೇ.

ಇನ್ನು 200 ಪುಟದ ಗೆರೆ ನೋಟ್‌ಬುಕ್ ಒಂದು, ಸೀಸದ ಕಡ್ಡಿ, ಎರಡು ಬಣ್ಣದ ಪೆನ್ಸಿಲ್. ಹೈಲೈಟರ್ ಬೇಡ. ಬೈಬಲ್ ಕಾಗದ ತೆಳು, ಶಾಯಿ ಆಚೆ ಬದಿಗೆ ಇಳಿದು ಎರಡೂ ಪುಟ ಹಾಳು. ಕನ್ನಡ ಓದಲು ತಡವರಿಸುವವರು (ಇಂಗ್ಲಿಷ್ ಮಾಧ್ಯಮದ ಮಕ್ಕಳಿರುವ ಬೆಂಗಳೂರಿನ ಮನೆಗಳಲ್ಲಿ ಇದು ಸಾಮಾನ್ಯ) ಆಡಿಯೊ ಹಾಕಿಕೊಂಡು ಬೆರಳಿಟ್ಟು ಓದಲಿ.

ಸಮಯ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಟ್ಟು 15 ಗಂಟೆ. ಮೆಟ್ರೊದಲ್ಲಿ ಕೇಳುವುದು ಒಳ್ಳೆಯದೇ, ಆದರೆ ಅದನ್ನು ಅರ್ಧ ಗಂಟೆಯ ಲೆಕ್ಕಕ್ಕೆ ಸೇರಿಸಬೇಡಿ. ಬರೆಯದ ದಿನ ಓದಿದ ದಿನವಲ್ಲ.

ಹಂತ 1: ಮೊದಲ ವಾರ, ರೂತಳ ಪುಸ್ತಕ

ಜನವರಿ ಒಂದರಂದು ಮೊದಲ ಪುಸ್ತಕ ಆದಿಕಾಂಡದಿಂದ ಹೊರಟವರಲ್ಲಿ ಬಹಳ ಮಂದಿ ಮೂರನೆಯ ಪುಸ್ತಕ ಯಾಜಕಕಾಂಡದ ಹೊತ್ತಿಗೆ ಏದುಸಿರು ಬಿಡುತ್ತಾರೆ. ಹಾಗಾಗಿ ನಾಲ್ಕೇ ಅಧ್ಯಾಯದ, 85 ವಚನದ ಕಥೆಯಿಂದ ಹೊರಡೋಣ.

ಮೊದಲ ದಿನ ಮಾತ್ರ ಯಾಜಕಕಾಂಡ 25ರಲ್ಲಿ ಎರಡು ತುಣುಕು ಓದಿ: 23ರಿಂದ 28, ಮತ್ತು 47ರಿಂದ 49. ಕಷ್ಟಕ್ಕೆ ಹೊಲ ಮಾರಿದವನ ಹೊಲವನ್ನು ಹತ್ತಿರದ ನೆಂಟ ಬಿಡಿಸಿಕೊಡಬೇಕು. ತನ್ನನ್ನೇ ಮಾರಿಕೊಂಡಿದ್ದರೆ ಅವನನ್ನೇ ಬಿಡಿಸಬಹುದು. ಹೀಗೆ ಬಿಡಿಸುವ ಬಂಧುವಿಗೆ ಹೀಬ್ರೂವಿನಲ್ಲಿ ಗೋಏಲ್ ಎಂದು ಹೆಸರು. ಕನ್ನಡ ಅನುವಾದಗಳು ಈ ಒಂದು ಪದವನ್ನು ಸಂದರ್ಭ ನೋಡಿ ಬೇರೆ ಬೇರೆ ಮಾತಿನಲ್ಲಿ ಹೇಳುವುದರಿಂದ ಕೊಂಡಿ ಕಳಚಿದಂತೆ ಕಾಣುತ್ತದೆ. ಸ್ಟ್ರಾಂಗ್ ಸಂಖ್ಯೆ, ಅಂದರೆ ಮೂಲಭಾಷೆಯ ಪ್ರತಿ ಪದಕ್ಕೂ ಕೊಟ್ಟಿರುವ ಕ್ರಮಾಂಕ, ಇಲ್ಲಿ ನೆರವಿಗೆ ಬರುತ್ತದೆ. ಪದಪದಕ್ಕೆ ಮೂಲ ತೋರಿಸುವ ಉಚಿತ ಜಾಲತಾಣಗಳಲ್ಲಿ ಹೀಬ್ರೂ 1350 ಎಂದು ಹುಡುಕಿದರೆ ಆ ಧಾತು ಬರುವ ಜಾಗಗಳೆಲ್ಲ ಒಟ್ಟಿಗೆ ಕಾಣುತ್ತವೆ.

ಉಳಿದ ನಾಲ್ಕು ದಿನ ದಿನಕ್ಕೊಂದು ಅಧ್ಯಾಯ. ನೋಟ್‌ಬುಕ್‌ನಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟು, ಮೇಲೆ "ಯಾರು?" ಎಂದು ಬರೆಯಿರಿ. ಈ ಪುಸ್ತಕದಲ್ಲಿ ರೂತಳ ಬಗ್ಗೆ ಆ ಪ್ರಶ್ನೆ ಮೂರು ಸಲ ಬರುತ್ತದೆ.

2:5ರಲ್ಲಿ, ಅಂದರೆ ಎರಡನೆಯ ಅಧ್ಯಾಯದ ಐದನೆಯ ವಚನದಲ್ಲಿ, ಹೊಲದ ಯಜಮಾನ ಬೋವಜ ಆಳುಗಳ ಮೇಸ್ತ್ರಿಯನ್ನು ಕೇಳುತ್ತಾನೆ. ಹೀಬ್ರೂವಿನಲ್ಲಿ ಅವನ ಮಾತು "ಈ ಹುಡುಗಿ ಯಾರು" ಎಂದಲ್ಲ, "ಯಾರವಳು" ಎಂದು. ಮೇಸ್ತ್ರಿಯ ಉತ್ತರದಲ್ಲಿ ಹೆಸರೇ ಇಲ್ಲ: ಅತ್ತೆ ನೊವೊಮಿಯ ಜೊತೆ ಮೋವಾಬ್ ದೇಶದಿಂದ ಬಂದವಳು. ಊರಿನ ಕಣ್ಣಿಗೆ ಅವಳು ಹೊರಗಿನವಳು, ಅಷ್ಟೇ. 3:9ರಲ್ಲಿ, ಕಣದಲ್ಲಿ, ನಡುರಾತ್ರಿ, ಅದೇ ಬೋವಜ ಅವಳನ್ನೇ ಕೇಳುತ್ತಾನೆ, "ನೀನಾರು?" ಈಗ ಅವಳು ತನ್ನ ಹೆಸರು ಹೇಳುತ್ತಾಳೆ, ಮೋವಾಬಿನ ಸುದ್ದಿ ಎತ್ತುವುದಿಲ್ಲ, ಅದೇ ಉಸಿರಿನಲ್ಲಿ "ನೀನು ಗೋಏಲ್" ಎನ್ನುತ್ತಾಳೆ. ಗುರುತು ಮತ್ತು ವಿಮೋಚನೆ ಒಂದೇ ವಚನದಲ್ಲಿ ಕೂಡುವ ಜಾಗ ಇದು. ಬಣ್ಣದ ಪೆನ್ಸಿಲ್ ತೆಗೆಯಿರಿ. 3:16ರಲ್ಲಿ ಮನೆಗೆ ಮರಳಿದ ಸೊಸೆಯನ್ನು ಅತ್ತೆ ಕೇಳುವುದು ಮೂಲದಲ್ಲಿ ಅಕ್ಷರಶಃ "ನೀನು ಯಾರು, ಮಗಳೇ?" ಎಂದು. ಅನುವಾದಕರು ಸಾಮಾನ್ಯವಾಗಿ "ಏನಾಯಿತು" ಎಂದು ತಿರುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ಪ್ರಶ್ನೆಯ ಸರಣಿ ಅಲ್ಲಿ ತುಂಡಾಗುತ್ತದೆ.

ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಬ್ಬ ಹತ್ತಿರದ ನೆಂಟನಿದ್ದಾನೆ. ಹೊಲ ಬೇಕು, ರೂತಳು ಬೇಡ, ತನ್ನ ಆಸ್ತಿಗೆ ಧಕ್ಕೆ ಬಂದೀತು ಎಂದು ಹಿಂದೆ ಸರಿಯುತ್ತಾನೆ. ಅವನಿಗೆ ಹೆಸರಿಲ್ಲ. ಹೀಬ್ರೂವಿನಲ್ಲಿ ಅವನನ್ನು ಕರೆಯುವುದು "ಪೆಲೋನಿ ಅಲ್ಮೋನಿ", ಅಂದರೆ ನಮ್ಮ "ಇಂಥವನು" ಇದ್ದ ಹಾಗೆ. ತನ್ನದನ್ನು ಉಳಿಸಿಕೊಳ್ಳಲು ಹೋದವನ ಹೆಸರು ಹೋಯಿತು. ಹೊರಗಿನವಳ ಹೆಸರು ಮತ್ತಾಯ 1:5ರ ವಂಶಾವಳಿಯಲ್ಲಿ ಕೂತಿತು.

ಇಲ್ಲಿ ಆಗುವ ತಪ್ಪು: ಇದನ್ನು ಪ್ರೇಮಕಥೆ ಮಾಡಿಬಿಡುವುದು. 4:1ರಿಂದ 12 ನಡೆಯುವುದು ಊರಬಾಗಿಲಲ್ಲಿ, ಹತ್ತು ಹಿರಿಯರ ಸಾಕ್ಷಿಯಲ್ಲಿ, ಕೆರ ಬಿಚ್ಚಿಕೊಟ್ಟು. ಇದು ಕಾಗದಪತ್ರದ ಕೆಲಸ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಹಾಕಿದವರಿಗೆ ಬೇಗ ಅರ್ಥವಾಗುತ್ತದೆ.

ಹಂತ 2: ಎರಡನೆಯ ವಾರ, ಲೂಕ 15

ಒಂದೇ ಅಧ್ಯಾಯ, 32 ವಚನ, ಐದು ದಿನ. "ಇದು ಗೊತ್ತಿರುವ ಕಥೆ" ಎಂಬ ಧೈರ್ಯವೇ ಇಲ್ಲಿನ ದೊಡ್ಡ ಅಡ್ಡಿ. ಆದ್ದರಿಂದ ಮೊದಲ ದಿನ ಬಾಯಿಬಿಟ್ಟು ಓದಿ, 1 ಮತ್ತು 2ನೇ ವಚನದಲ್ಲಿ ಕೇಳಲು ಕೂತವರು ಯಾರು, ಗೊಣಗುತ್ತಿರುವವರು ಯಾರು ಎಂದಷ್ಟೇ ಬರೆಯಿರಿ.

ಎರಡನೆಯ ಮೂರನೆಯ ದಿನಕ್ಕೆ ಕೆಲಸ ಇದು: ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ 18, 19ರಲ್ಲಿ ಕಿರಿಮಗ ಹಂದಿಗಳ ನಡುವೆ ಕೂತು ಬಾಯಿಪಾಠ ಮಾಡಿಕೊಂಡ ಮಾತು. ಬಲಕ್ಕೆ 21ರಲ್ಲಿ ತಂದೆಯ ಮುಂದೆ ನಿಜವಾಗಿ ಹೇಳಿದ ಮಾತು. ಪದಕ್ಕೆ ಪದ ನಕಲು ಮಾಡಿ. ಬಲಗಡೆ ಒಂದು ಸಾಲು ಕಮ್ಮಿ ಬೀಳುತ್ತದೆ. "ನನ್ನನ್ನು ಕೂಲಿಯವನನ್ನಾಗಿ ಇಟ್ಟುಕೋ" ಎಂಬುದು ಬಾಯಿಂದ ಹೊರಡುವ ಮೊದಲೇ ತಂದೆ ಆಳುಗಳ ಕಡೆ ತಿರುಗಿ ಅಂಗಿ, ಉಂಗುರ, ಜೋಡು ತರಿಸುತ್ತಿದ್ದಾನೆ. "ಮಗನೆನಿಸಿಕೊಳ್ಳಲು ಯೋಗ್ಯನಲ್ಲ" ಎಂಬ ಮಾತನ್ನು ಹೇಳಲು ಬಿಟ್ಟಿದ್ದಾನೆ, ಅದು ನಿಜ. "ಕೂಲಿಯವನು" ಎಂಬ ಹೊಸ ಗುರುತನ್ನು ಮಾತ್ರ ಹೇಳಲು ಬಿಟ್ಟಿಲ್ಲ.

ನಾಲ್ಕನೆಯ ದಿನ ಹಿರಿಮಗ. 29ರಲ್ಲಿ ಅವನು ತಾನು ತಂದೆಯ ಹತ್ತಿರ ದುಡಿದದ್ದನ್ನು ಹೇಳುವ ಗ್ರೀಕ್ ಕ್ರಿಯಾಪದ ದಾಸನ ದುಡಿಮೆಯದು. ಮನೆಯಲ್ಲೇ ಇದ್ದು ಕೂಲಿಯವನಾದವನು ಇವನು. 30ರಲ್ಲಿ "ನಿನ್ನ ಈ ಮಗ" ಎನ್ನುತ್ತಾನೆ, 32ರಲ್ಲಿ ತಂದೆ ಅದನ್ನು "ನಿನ್ನ ಈ ತಮ್ಮ" ಎಂದು ತಿದ್ದುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಲೂಕ ಹೇಳುವುದಿಲ್ಲ. ಪ್ರಸಂಗಗಳಲ್ಲಿ ಹೇಳಿಬಿಡುತ್ತಾರೆ. ನೀವು ಹೇಳಬೇಡಿ.

ಐದನೆಯ ದಿನ ನೀವೇ ಬಾಯಿಪಾಠ ಮಾಡಿಟ್ಟುಕೊಂಡಿರುವ ಮಾತನ್ನು ಎರಡು ಸಾಲಿನಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ.

ಹಂತ 3: ಮೂರನೆಯ, ನಾಲ್ಕನೆಯ ವಾರ, ಎಫೆಸದವರಿಗೆ ಬರೆದ ಪತ್ರಿಕೆ

ಅಪೊಸ್ತಲ ಪೌಲನ ಹೆಸರಿನ ಪತ್ರ, ಆರು ಅಧ್ಯಾಯ. ಮೊದಲ ಮೂರು ಮೂರನೆಯ ವಾರಕ್ಕೆ, ಉಳಿದದ್ದು ನಾಲ್ಕನೆಯದಕ್ಕೆ.

1:3ರಿಂದ 14 ಗ್ರೀಕ್‌ನಲ್ಲಿ ಒಂದೇ ವಾಕ್ಯ, ಸುಮಾರು 200 ಪದ. ಕನ್ನಡದಲ್ಲಿ ತುಂಡು ಮಾಡಿದ್ದಾರೆ, ಮಾಡಲೇಬೇಕು. ಒಂದು ಬಣ್ಣದಲ್ಲಿ "ಕ್ರಿಸ್ತನಲ್ಲಿ", "ಆತನಲ್ಲಿ" ಎಂದು ಬಂದ ಕಡೆಯೆಲ್ಲ ಗೆರೆ ಎಳೆಯಿರಿ. ಇನ್ನೊಂದು ಬಣ್ಣದಲ್ಲಿ ಕ್ರಿಯಾಪದಗಳಿಗೆ: ಆಶೀರ್ವದಿಸಿದ, ಆರಿಸಿಕೊಂಡ, ಮೊದಲೇ ನೇಮಿಸಿದ, ತಿಳಿಸಿದ. ಈಗ ಪ್ರತಿ ಕ್ರಿಯೆಯ ಪಕ್ಕ ಕರ್ತೃಪದ ಬರೆಯಿರಿ, ಯಾರು ಮಾಡಿದ್ದು? ಪಟ್ಟಿಯಲ್ಲಿ ಬಹುಪಾಲು ಕೆಲಸ ದೇವರದು. ನಮ್ಮ ಪಾಲಿಗೆ ಬರುವುದು ಕೇಳಿದ್ದು, ನಂಬಿದ್ದು, ನಿರೀಕ್ಷಿಸಿದ್ದು. "ನಾನು ಯಾರು" ಎಂದು ಕೇಳಿಕೊಂಡು ಬಂದವರಿಗೆ ತಮ್ಮ ಬಗ್ಗೆ ಇಷ್ಟು ಕಡಿಮೆ ಸಿಕ್ಕಿತಲ್ಲ ಅನಿಸುತ್ತದೆ. ಅನಿಸಲಿ, ಅದನ್ನೂ ಬರೆದಿಡಿ.

ಮೊದಲ ಮೂರು ಅಧ್ಯಾಯಗಳಲ್ಲಿ, ಗ್ರೀಕ್ ಮೂಲದಲ್ಲಿ, "ಹೀಗೆ ಮಾಡಿ" ಎಂಬ ಆಜ್ಞಾರೂಪ ಇರುವುದು ಒಂದೇ ಒಂದು. 2:11ರಲ್ಲಿ, "ನೆನಪು ಮಾಡಿಕೊಳ್ಳಿ". ಆಜ್ಞೆಗಳ ಸಾಲು ಶುರುವಾಗುವುದು ನಾಲ್ಕರಿಂದ. ಬೇಗ ಬದಲಾಗಬೇಕೆಂದು ನೇರವಾಗಿ ನಾಲ್ಕಕ್ಕೆ ಹಾರುವವರು, ಸುಳ್ಳು ಬಿಡು, ಕೋಪ ಬಿಡು, ಕಳವು ಬಿಡು ಎಂಬ ಪಟ್ಟಿ ಹಿಡಿದು ಒಂದು ವಾರ ಒದ್ದಾಡಿ ಕೈಚೆಲ್ಲುತ್ತಾರೆ. 2:19ರಲ್ಲಿ "ದೇವರ ಮನೆಯವರು" ಎಂದಾದ ಮೇಲೆ ಮನೆಯ ರೀತಿರಿವಾಜು. ಮೊದಲು ಮನೆ, ಆಮೇಲೆ ರಿವಾಜು.

ಹಳೆಯ ಅನುವಾದದಲ್ಲಿ "ಯಾಕಂದರೆ", "ಆದದರಿಂದ" ಬಂದ ಕಡೆ ಸುತ್ತು ಹಾಕಿ. ಕಿವಿಗೆ ಅದು ಬೈಬಲ್ ಕನ್ನಡದ ಚಾಳಿಯಂತೆ ಕೇಳಿ ಜಾರಿಹೋಗುತ್ತದೆ, ಆದರೆ ಪೌಲನ ವಾದದ ಕೀಲುಗಳೇ ಅವು.

ಹಂತ 4: ಮೋಸ ಮಾಡುವ ಪದಗಳ ಪುಟ

ಇದು ಪ್ರತ್ಯೇಕ ವಾರವಲ್ಲ. ನೋಟ್‌ಬುಕ್‌ನ ಕೊನೆಯ ಪುಟದಿಂದ ಹಿಂದಕ್ಕೆ ತುಂಬುತ್ತಾ ಬನ್ನಿ. ಸತ್ಯವೇದದ ಕನ್ನಡ 19ನೆಯ ಶತಮಾನದಿಂದ ಬಂದದ್ದು. ಪದಗಳು ಅಲ್ಲೇ ನಿಂತಿವೆ, ನಮ್ಮ ಮಾತು ಮುಂದೆ ಹೋಗಿದೆ.

ಅತ್ಯಂತ ಕೆಟ್ಟದಾಗಿ ಎಡವಿಸುವುದು ಎಫೆಸ 1:14. ಹಳೆಯ ಅನುವಾದದಲ್ಲಿ ಪವಿತ್ರಾತ್ಮನು ನಮ್ಮ "ಬಾಧ್ಯತೆ"ಗೆ "ಸಂಚಕಾರ". ಇಂದಿನ ಪತ್ರಿಕೆ ಓದುವವನಿಗೆ ಸಂಚಕಾರ ಎಂದರೆ ಜೀವಕ್ಕೆ ಕುತ್ತು, ಬಾಧ್ಯತೆ ಎಂದರೆ ತೀರಿಸಬೇಕಾದ ಹೊರೆ. ಎರಡೂ ತಲೆಕೆಳಗು! ಇಲ್ಲಿ ಬಾಧ್ಯತೆ ಎಂದರೆ ವಾರಸುದಾರನಿಗೆ ಬರುವ ಆಸ್ತಿ. ಸಂಚಕಾರ ಎಂದರೆ ವ್ಯಾಪಾರ ಕುದುರಿದಾಗ ಕೊಡುವ ಮುಂಗಡ, ಗ್ರೀಕ್‌ನ "ಅರ್ರಬೋನ್", ಸ್ಟ್ರಾಂಗ್ ಗ್ರೀಕ್ 728. ಬೆಂಗಳೂರಿನವರಿಗೆ ಅಡ್ವಾನ್ಸ್ ಎಂದರೆ ಥಟ್ಟನೆ ಹೊಳೆಯುವುದು ಬಾಡಿಗೆ ಮನೆಯ ಹತ್ತು ತಿಂಗಳ ಅಡ್ವಾನ್ಸ್. ಅದಲ್ಲ. ಅದು ಖಾಲಿ ಮಾಡುವಾಗ ವಾಪಸು ಬರಬೇಕಾದ ಹಣ. ಇದು ಸೈಟು ಕೊಳ್ಳುವಾಗ ಕರಾರಿಗೆ ಕೊಡುವ ಮುಂಗಡ, ಪೂರ್ತಿ ಬೆಲೆಯ ಮೊದಲ ಭಾಗ, ಉಳಿದದ್ದೂ ಬರುತ್ತದೆ ಎಂಬ ಖಾತ್ರಿ. ಇಂಥ ಹಳೆಯ ಅರ್ಥಗಳಿಗೆ ಕಿಟೆಲರ 1894ರ ನಿಘಂಟು ನೋಡುವುದು ಒಳ್ಳೆಯದು. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಅದೇ ಕಿಟೆಲ್.

ಪ್ರಾಯಶ್ಚಿತ್ತ: ನಮ್ಮ ಬಳಕೆಯಲ್ಲಿ ತಪ್ಪು ಮಾಡಿದವನೇ ಮಾಡಿಕೊಳ್ಳುವುದು. ರೋಮಾಪುರದವರಿಗೆ 3:25ರ ವಿಚಾರದಲ್ಲಿ ಅದನ್ನು ಏರ್ಪಡಿಸುವವನು ದೇವರು. ಈ ವ್ಯತ್ಯಾಸ ಬಿಟ್ಟುಹೋದರೆ ಇಡೀ ಅಧ್ಯಯನ ಉಪವಾಸ ಹರಕೆಗಳ ಲೆಕ್ಕಪುಸ್ತಕವಾಗುತ್ತದೆ. ನೀತಿ: ಶಾಲೆಯ ನೀತಿಕಥೆಯ ನೀತಿಯಲ್ಲ, ಪೌಲನಲ್ಲಿ ಅದು ಹೆಚ್ಚಾಗಿ ನ್ಯಾಯಾಲಯದ ಮಾತು, ತೀರ್ಪು. ಶರೀರಭಾವ: ಮೈಯನ್ನು ಬೈಯುವುದಲ್ಲ, ದೇವರನ್ನು ಬಿಟ್ಟು ಬದುಕುವ ಧೋರಣೆ. ಗಲಾತ್ಯದವರಿಗೆ 5:20ರ ಪಟ್ಟಿಯಲ್ಲಿ ಹೊಟ್ಟೆಕಿಚ್ಚು, ಜಗಳ, ಪಕ್ಷಭೇದಗಳೂ ಇವೆ, ಅವು ಮೈಯ ಚಟಗಳಲ್ಲವಲ್ಲ. ವಿಮೋಚನೆಯನ್ನು ಮೋಕ್ಷ ಎಂದು ಓದಿಕೊಳ್ಳುವವರಿದ್ದಾರೆ. ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ ಇಲ್ಲಿನ ವಿಷಯವಲ್ಲ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ದಾಸರನ್ನು ಬಿಡಿಸಿದ ಪುಸ್ತಕಕ್ಕೆ ಕನ್ನಡದಲ್ಲಿ "ವಿಮೋಚನಕಾಂಡ" ಎಂದೇ ಹೆಸರಿಟ್ಟಿರುವುದು ಸರಿಯಾದ ದಾರಿ ತೋರಿಸುತ್ತದೆ.

ಒಂದು ಕಡೆ ಕನ್ನಡಿಗರ ಅದೃಷ್ಟ ಚೆನ್ನಾಗಿದೆ. ರೋಮಾಪುರದವರಿಗೆ 8:15ರ ಅರಾಮಿಕ್ "ಅಬ್ಬಾ" ನಮ್ಮ ಕಿವಿಗೆ "ಅಪ್ಪಾ" ಎಂದೇ ಬೀಳುತ್ತದೆ. ಅದು ಹಾಲುಗಲ್ಲದ ಮಗುವಿನ ತೊದಲು ಎಂದು ಹೇಳುವುದುಂಟು. ಹಾಗಲ್ಲ, ಬೆಳೆದ ಮಕ್ಕಳೂ ಹಾಗೇ ಕರೆಯುತ್ತಿದ್ದರು, ನಾವು ಕರೆಯುವ ಹಾಗೆ. ಅದೇ ವಚನದಲ್ಲಿರುವ ದತ್ತುಸ್ವೀಕಾರದ ಪದವನ್ನು ಪೌಲ ಐದು ಕಡೆ ಬಳಸುತ್ತಾನೆ: ರೋಮಾಪುರದವರಿಗೆ 8:15, 8:23, 9:4, ಗಲಾತ್ಯದವರಿಗೆ 4:5, ಎಫೆಸದವರಿಗೆ 1:5. ಐದನ್ನೂ ಒಂದೇ ಪುಟಕ್ಕೆ ನಕಲು ಮಾಡಿ. ರೋಮನ್ ಕಾನೂನಿನಲ್ಲಿ ದತ್ತು ಹೋದವನು ಹಳೆಯ ಮನೆಯ ಅಧಿಕಾರದಿಂದ ಪೂರ್ತಿ ಹೊರಬಂದು ಹೊಸ ಮನೆಯ ವಾರಸುದಾರನಾಗುತ್ತಿದ್ದ.

ಹಂತ 5: ಐದನೆಯ ವಾರ, ತಪ್ಪಿನ ಲೆಕ್ಕ

ಕೀರ್ತನೆ 32, ಕೀರ್ತನೆ 51, ಲೂಕ 19:1ರಿಂದ 10, ಅರಣ್ಯಕಾಂಡ 5:5ರಿಂದ 7. ದಿನಕ್ಕೊಂದು, ಐದನೆಯ ದಿನ ಬರೆಯಲು.

51ಕ್ಕೆ ಮೊದಲು 2 ಸಮುವೇಲ 11 ಮತ್ತು 12 ಓದಿರಲೇಬೇಕು. ಓದದಿದ್ದರೆ ಅದರ 4ನೇ ವಚನ, "ನಿನಗೇ ತಪ್ಪು ಮಾಡಿದ್ದೇನೆ" ಎಂಬರ್ಥದ್ದು, ಒಳ್ಳೆಯ ನುಣುಚುವ ದಾರಿಯಾಗುತ್ತದೆ: ದೇವರಿಗೆ ಹೇಳಿಯಾಯಿತು, ಮನುಷ್ಯರಿಗೇನು? ಕೀರ್ತನೆ ಹಾಡುತ್ತಿರುವ ದಾವೀದನ ತಪ್ಪಿನಿಂದ ಊರೀಯ ಸತ್ತಿದ್ದಾನೆ ಎಂಬುದು ನೆನಪಿರಲಿ. ಇದಕ್ಕೆ ಎದುರಾಗಿ ಲೂಕ 19ರ ಸುಂಕದವ ಜಕ್ಕಾಯನನ್ನು ನಿಲ್ಲಿಸಿ. ಅರಣ್ಯಕಾಂಡದ ನಿಯಮ ಕೇಳುವುದು ಅಸಲು, ಮೇಲೆ ಐದರಲ್ಲೊಂದು ಪಾಲು. ಜಕ್ಕಾಯ ಕೊಡುತ್ತೇನೆ ಅನ್ನುವುದು ನಾಲ್ಕರಷ್ಟು. ಯೇಸು ಅವನ ಮನೆಗೆ ಬರುತ್ತೇನೆ ಎಂದದ್ದು 5ನೇ ವಚನದಲ್ಲಿ, ಅವನು ಹಣದ ಮಾತೆತ್ತಿದ್ದು 8ರಲ್ಲಿ. ಈ ಹಿಂದುಮುಂದು ಬದಲಾಯಿಸಬೇಡಿ. 9ರಲ್ಲಿ ಅವನಿಗೆ ಸಿಗುವ ಗುರುತು "ಅಬ್ರಹಾಮನ ಮಗ", ಮತ್ತೆ "ಯಾರ ಪೈಕಿ" ಎಂಬುದಕ್ಕೇ ಉತ್ತರ.

ಐದನೆಯ ದಿನದ ಪುಟದಲ್ಲಿ ಮೂರು ಕಲಮು: ಯಾರಿಗೆ, ಏನು, ಈಗ ಏನು ಮಾಡಬಹುದು. ಮೂರನೆಯದು ಖಾಲಿ ಉಳಿದರೂ ಪರವಾಗಿಲ್ಲ. ಕ್ಷಮೆ ಕೇಳಲು ಹೋಗುವುದರಿಂದ ಆ ಮನುಷ್ಯರಿಗೆ ಹೊಸ ನೋವಾಗುವಂತಿದ್ದರೆ ಹೋಗಬೇಡಿ, ಮೊದಲು ಒಬ್ಬ ಅನುಭವಿ ಹಿರಿಯರ ಹತ್ತಿರ ಮಾತಾಡಿ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ, ಈ ಪುಟ ಅದಕ್ಕೆ ಒಳ್ಳೆಯ ತಯಾರಿ.

ಎಚ್ಚರಿಕೆ: ನೀವು ಮಾಡಿದ ತಪ್ಪಿನ ಭಾರ ಬೇರೆ, ಬೇರೆಯವರು ನಿಮಗೆ ಮಾಡಿದ ಅನ್ಯಾಯದಿಂದ ಬಂದ ನಾಚಿಕೆ ಬೇರೆ. ಎರಡನೆಯದನ್ನು ಈ ಪಟ್ಟಿಗೆ ಸೇರಿಸಬೇಡಿ, ಅದಕ್ಕೆ ಪಶ್ಚಾತ್ತಾಪ ಪಡುವವರು ನೀವಲ್ಲ. ನಿದ್ದೆ ಊಟ ಬಿಟ್ಟುಹೋಗಿ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುತ್ತಿದ್ದರೆ ಪುಸ್ತಕ ಮುಚ್ಚಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆ ಸಾಕು, ಮಾತ್ರೆ ನಿಲ್ಲಿಸು ಎನ್ನುವವರ ಮಾತು ಕೇಳಬೇಡಿ.

ಹಂತ 6: ಆರನೆಯ ವಾರ, ಫಿಲೆಮೋನನಿಗೆ

25 ವಚನ. ಐದೂ ದಿನ ಪೂರ್ತಿ ಓದಿ. ದಾಸ ಒನೇಸಿಮನನ್ನು ಪೌಲ ಯಜಮಾನನ ಬಳಿಗೆ ವಾಪಸು ಕಳಿಸುತ್ತಿದ್ದಾನೆ. ಒನೇಸಿಮ ಎಂದರೆ "ಉಪಯುಕ್ತ". 11ನೇ ವಚನದ ಶ್ಲೇಷೆ ಅದರ ಮೇಲೆ ನಿಂತಿದೆ. 16ರಲ್ಲಿ ಗುರುತು ಬದಲಾಗುತ್ತದೆ, ದಾಸನಲ್ಲ, ಸಹೋದರ. 18, 19ರಲ್ಲಿ ಬೆಲೆ: ಅವನ ಸಾಲ ನನ್ನ ಲೆಕ್ಕಕ್ಕೆ ಹಾಕು, ನಾನೇ ಸ್ವಂತ ಕೈಯಿಂದ ಬರೆದುಕೊಟ್ಟಿದ್ದೇನೆ, ನಾನು ತೀರಿಸುತ್ತೇನೆ. ಕೈಬರಹದ ಸಾಲಪತ್ರದ ಧಾಟಿ ಇದು. 2ನೇ ವಚನ ಮರೆಯಬೇಡಿ, ಪತ್ರ ಫಿಲೆಮೋನನೊಬ್ಬನಿಗಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ. ಹೊಸ ಗುರುತು ಎಲ್ಲರ ಮುಂದೆ ಓದಿ ಹೇಳಿದ್ದು. ಒನೇಸಿಮ ಓಡಿಹೋಗಿದ್ದ, ಕದ್ದಿದ್ದ ಎಂದು ವಿವರಣೆಗಳು ಖಚಿತವಾಗಿ ಹೇಳುತ್ತವೆ. ಪತ್ರ ಅಷ್ಟು ನೇರವಾಗಿ ಎಲ್ಲೂ ಹೇಳಿಲ್ಲ. 18ರಲ್ಲಿ "ಒಂದು ವೇಳೆ" ಇದೆ.

ವಚನ ಕಿತ್ತುಕೊಳ್ಳುವ ಚಾಳಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನದ ಚೀಟಿ, ಗೋಡೆ ಕ್ಯಾಲೆಂಡರಿನ ವಚನ, ಇವೆಲ್ಲ ಇರಲಿ. ಅವುಗಳ ಮೇಲೆ ಗುರುತು ಕಟ್ಟಬೇಡಿ. ಯೆರೆಮೀಯ 29:11 ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಜನರಿಗೆ ಹೇಳಿದ್ದು, ಹಿಂದಿನ ವಚನದಲ್ಲೇ 70 ವರ್ಷದ ಮಾತಿದೆ. ಕೇಳಿದವರಲ್ಲಿ ಬಹುಮಂದಿ ಅದನ್ನು ಕಣ್ಣಾರೆ ಕಾಣುವವರಲ್ಲ. ಅಲ್ಲಿ ಇರುವುದು "ನೀನು" ಅಲ್ಲ, "ನೀವು". ಸತ್ಯವೇದ ಒಬ್ಬನನ್ನು "ನೀನು" ಎಂದೇ ಕರೆಯುವುದರಿಂದ "ನೀವು" ಬಂದ ಕಡೆ ಅದು ಗೌರವಕ್ಕಲ್ಲ, ಬಹುವಚನಕ್ಕೆ. ಇಂದಿನ ಇಂಗ್ಲಿಷ್‌ನಲ್ಲಿ ಓದುವವರಿಗೆ ಈ ಅನುಕೂಲವಿಲ್ಲ. ಎಫೆಸ ಪತ್ರಿಕೆಯ ಗುರುತುಗಳೂ ಬಹುಪಾಲು "ನೀವು" ಎಂದೇ ಬರುತ್ತವೆ, ಒಬ್ಬರೇ ಕೋಣೆಯಲ್ಲಿ ಕೂತು ಅವನ್ನು ಪೂರ್ತಿ ಪರೀಕ್ಷಿಸಲು ಆಗುವುದಿಲ್ಲ.

ಆದ್ದರಿಂದ ಮೂರನೆಯ ವಾರದಿಂದಲಾದರೂ ಮೂರು ನಾಲ್ಕು ಜನ ಸೇರಿ, ವಾರಕ್ಕೊಮ್ಮೆ, ಒಂದು ಗಂಟೆ. ಹಡ್ಸನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದಂಥ ಹಳೆಯ ಕನ್ನಡ ಸಭೆಗಳಲ್ಲೋ, ನಿಮ್ಮ ಧರ್ಮಕೇಂದ್ರದಲ್ಲೋ ಜೊತೆಗಾರರನ್ನು ಹುಡುಕಿ. ಗುಂಪು ಆರಿಸುವಾಗ ಮೂರು ಪರೀಕ್ಷೆ: "ಈ ವಚನ ಹಾಗೆ ಹೇಳುವುದಿಲ್ಲವಲ್ಲ" ಎಂದರೆ ನಾಯಕ ಪುಸ್ತಕ ತೆರೆಯುತ್ತಾನೋ, ಮುಖ ಗಂಟಿಕ್ಕುತ್ತಾನೋ? ನಿಮ್ಮ ಗುಟ್ಟು ಮುಂದಿನ ವಾರ ಸಾಕ್ಷಿಯಾಗಿ ವೇದಿಕೆ ಏರುತ್ತದೋ? ಬಿಡುಗಡೆಗೆ ಕಾಣಿಕೆಯ ಮೊತ್ತ ಹೇಳುತ್ತಾರೋ? ಮೂರರಲ್ಲಿ ಒಂದು ಕೆಟ್ಟರೂ ಎದ್ದು ಬನ್ನಿ.

ಏಳನೆಯ ವಾರಕ್ಕೆ ಏನು ಎಂದು ಕೇಳುವವರು 1 ಪೇತ್ರ 2:9, 10 ತೆಗೆದು, ಇನ್ನೊಂದು ಬೆರಳನ್ನು ಹೋಶೇಯನ ಮೊದಲ ಎರಡು ಅಧ್ಯಾಯಗಳ ಮೇಲಿಡಲಿ. ಪ್ರವಾದಿ ಹೋಶೇಯ ತನ್ನ ಒಂದು ಮಗುವಿಗೆ "ಲೋ ಅಮ್ಮಿ", ನನ್ನ ಜನವಲ್ಲ, ಎಂದು ಹೆಸರಿಡಬೇಕಾಗುತ್ತದೆ. ಆ ಹೆಸರು ಎಲ್ಲಿ, ಯಾವ ವಚನದಲ್ಲಿ, ಯಾರ ಬಾಯಲ್ಲಿ ತಿರುಗಿಬೀಳುತ್ತದೆ ಎಂದು ನೀವೇ ಹುಡುಕಿ "ಯಾರು?" ಪುಟದ ಕೆಳಗೆ ಬರೆಯಿರಿ.